ಹತ್ತಿ ತುಂಬಿದ ಗೊಂಬೆಗಳ ಶುಚಿತ್ವ



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಯಾವದಾದರೊಂದು ಲೇಖನವನ್ನು ಬರೆದು ಕೊಡಬೇಕೆಂಬದು ವಾಡಿಕೆ. ಸ್ತ್ರೀವಿದ್ಯೆಯ ಮಹತ್ವ, ಸಮಯದ ಬೆಲೆ, ಮಿತವ್ಯಯ ಮುಂತಾದ ಗಂಭೀರ ವಿಷಯಗಳನ್ನು ನನಗಿಂತ ಹಿರಿಯರೂ ವಿದ್ಯಾವತಿಯರೂ ಆದವರು ಈ ಪುಟಗಳಲ್ಲಿ ಚೆನ್ನಾಗಿ ವಿವರಿಸಿರುವರು. ನಾನು ಈ ಸಲ ಅಷ್ಟು ದೊಡ್ಡ ವಿಷಯವನ್ನು ಎತ್ತಿಕೊಳ್ಳದೆ, ಚಿಕ್ಕ ಮಕ್ಕಳು ಮಗ್ಗುಲಲ್ಲಿ ಇಟ್ಟುಕೊಂಡು ಮಲಗುವ ಬಟ್ಟೆಯ ಗೊಂಬೆಗಳನ್ನು ಮನೆಯಲ್ಲಿಯೇ ಅಪಾಯವಿಲ್ಲದೆ ತೊಳೆದು ಒಣಗಿಸುವ ಕ್ರಮವನ್ನು ಕುರಿತು ಬರೆಯುವೆನು. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಕಳೆದ ಹಳೆ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಚಹಾದ ಹೊತ್ತಿನಲ್ಲಿ ಮೂವರು ನನ್ನನ್ನು ಸುತ್ತುವರಿದು ಕೇಳಿದ ಪ್ರಶ್ನೆ ಇದೇ ಆಗಿತ್ತು. ಅವರಲ್ಲಿ ಒಬ್ಬಳು ಬಂಟ್ವಾಳದಲ್ಲಿ, ಒಬ್ಬಳು ಬೆಳ್ತಂಗಡಿಯಲ್ಲಿ, ಇನ್ನೊಬ್ಬಳು ಮೂಡುಬಿದಿರೆಯಲ್ಲಿ ಸಂಸಾರ ಹೂಡಿಕೊಂಡು ಮಕ್ಕಳ ತಾಯಂದಿರಾಗಿರುವರು. “ಟೀಚರ್, ಮಗುವಿನ ಟೆಡ್ಡಿಯನ್ನು ಒಗೆದರೆ ಮಳೆಗಾಲದಲ್ಲಿ ನಾರುತ್ತದೆ, ಒಗೆಯದಿದ್ದರೆ ಧೂಳು. ಏನು ಮಾಡುವುದು?” ಎಂದು ಕೇಳಿದರು. ನಾನು ಎರಡೇ ಮಾತಿನಲ್ಲಿ ಉತ್ತರ ಕೊಟ್ಟು ಕಳುಹಿಸಿಬಿಟ್ಟೆನು. ಮನೆಗೆ ಬಂದ ಮೇಲೆ ನನ್ನ ಮನಸ್ಸು ನನ್ನನ್ನು ಚುಚ್ಚಿತು. ಯಾಕಂದರೆ ಈ ವಿಷಯದಲ್ಲಿ ನಾನೇ ಎರಡಾವರ್ತಿ ತಪ್ಪಿದವಳು. ಆ ತಪ್ಪುಗಳನ್ನು ಮುಚ್ಚಿಟ್ಟು ಕೊಟ್ಟ ಉತ್ತರವು ಪೂರ್ಣವಾದ ಉತ್ತರವಲ್ಲ. ಆದಕಾರಣ ಈಗ ವಿಸ್ತಾರವಾಗಿ ಹೇಳುವೆನು.

ನಾನು ಹುಡುಗಿಯಾಗಿದ್ದಾಗ ನಮ್ಮ ಕಡೆಯ ಮನೆಗಳಲ್ಲಿ ಅಂಗಡಿಯ ಗೊಂಬೆಗಳು ವಿರಳವಾಗಿದ್ದವು. ಅನುಕೂಲಸ್ಥರ ಮನೆಯಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳಿರುತ್ತಿದ್ದವು. ಅವುಗಳನ್ನು ಒದ್ದೆ ಬಟ್ಟೆಯಿಂದ ಒರಸಿ ಒಣಬಟ್ಟೆಯಿಂದ ತಿಕ್ಕಿದರೆ ತೀರಿತು. ಉಳಿದ ಮಕ್ಕಳಿಗೆ ಅಜ್ಜಿಯಂದಿರು ಹಳೆಯ ಸೀರೆಯ ತುಂಡಿನಿಂದ ಗೊಂಬೆ ಹೊಲಿದು, ಒಳಗೆ ಚಿಂದಿಯನ್ನಾಗಲಿ ಹಿತ್ತಿಲ ಬೂರುಗದ ಮರದ ಹತ್ತಿಯನ್ನಾಗಲಿ ತುಂಬಿ, ಇದ್ದಲಿನಿಂದ ಕಣ್ಣು ಮೂಗು ಬರೆದು ಕೊಡುತ್ತಿದ್ದರು. ಅದು ಕೊಳೆಯಾದರೆ ಹೊಲಿಗೆ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಬಟ್ಟೆಯನ್ನು ಒಗೆದು, ಸಂಜೆಗೆ ತಿರುಗಿ ತುಂಬಿಸುವರು. ಅದರಲ್ಲಿ ಅಡಗಿದ್ದ ವಿವೇಕವು ನನಗೆ ಆಗ ತಿಳಿಯಲಿಲ್ಲ. ಈಗಲಾದರೋ ಹುಟ್ಟುಹಬ್ಬಕ್ಕೆ ಬಂದವರು ಟೆಡ್ಡಿ ತರುವರು. ದುಬೈ, ಕುವೈಟುಗಳಿಂದ ರಜೆಗೆ ಬರುವ ಮಾವಂದಿರು ಮಗುವಿಗಿಂತ ದೊಡ್ಡದಾದ ಕರಡಿಯನ್ನು ಹೊತ್ತು ತರುವರು. ಇವುಗಳ ಮೈಮೇಲೆ ಕೃತಕ ನೂಲಿನ ರೋಮ, ಒಳಗೆ ಪಾಲಿಯೆಸ್ಟರ್ ಹತ್ತಿ; ಕೆಲವುಗಳ ಹೊಟ್ಟೆಯಲ್ಲಿ ಹಾಡುವ ಯಂತ್ರ. ಬಿಚ್ಚಿ ತೊಳೆಯುವ ಆಲೋಚನೆಯೇ ಯಾರಿಗೂ ಬರುವದಿಲ್ಲ.

ಇಂಥ ಗೊಂಬೆಗಳು ಲೋಕದಲ್ಲಿ ಹೇಗೆ ಹಬ್ಬಿದವೆಂಬದನ್ನು ನಮ್ಮ ಹೆಣ್ಣುಮಕ್ಕಳು ತಿಳಿದುಕೊಳ್ಳತಕ್ಕದ್ದು. ಜರ್ಮನಿ ದೇಶದ ಗೀಂಗೆನ್ ಎಂಬ ಚಿಕ್ಕ ಊರಿನಲ್ಲಿ 1847ರಲ್ಲಿ ಹುಟ್ಟಿದ ಮಾರ್ಗರೆಟ್ ಸ್ಟೈಫ್ ಎಂಬಾಕೆಯು ಶೈಶವದಲ್ಲಿಯೇ ಪೋಲಿಯೋ ರೋಗಕ್ಕೆ ಗುರಿಯಾಗಿ ನಡೆಯಲಾರದವಳಾದಳು, ಬಲಗೈಯೂ ಬಲಹೀನವಾಗಿತ್ತು. ಆದರೂ ಆಕೆ ಹೊಲಿಗೆಯನ್ನು ಕಲಿತು ಅದರಿಂದಲೇ ಜೀವಿಸಿದಳು. 1880ರಲ್ಲಿ ಸೂಜಿ ಚುಚ್ಚಿಡುವದಕ್ಕೆಂದು ಉಣ್ಣೆಯ ಬಟ್ಟೆಯಿಂದ ಒಂದು ಪುಟ್ಟ ಆನೆಯನ್ನು ಮಾಡಿದಳು. ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಂಡರು. ಅಲ್ಲಿಂದ ಆಕೆಯ ಗೊಂಬೆಗಳ ಕಾರ್ಖಾನೆ ಬೆಳೆಯಿತು. 1902ರಲ್ಲಿ ಆಕೆಯ ಸೋದರಳಿಯನಾದ ರಿಚರ್ಡನು ಕೈಕಾಲು ತಿರುಗಿಸಬಹುದಾದ ಕರಡಿಯ ನಮೂನೆಯನ್ನು ಮಾಡಿದನು. ಅದೇ ವರ್ಷ ಅಮೇರಿಕದ ಅಧ್ಯಕ್ಷರಾದ ಥಿಯೋಡೋರ್ ರೂಸ್ವೆಲ್ಟರು ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಯೊಂದಕ್ಕೆ ಗುಂಡು ಹೊಡೆಯಲು ಒಪ್ಪದಿದ್ದ ಸಂಗತಿಯು ಪತ್ರಿಕೆಯ ವ್ಯಂಗ್ಯಚಿತ್ರದಿಂದ ಪ್ರಸಿದ್ಧವಾಗಿ, ಅವರ ಮುದ್ದಿನ ಹೆಸರಾದ ‘ಟೆಡ್ಡಿ’ ಎಂಬದು ಗೊಂಬೆ ಕರಡಿಗಳ ಹೆಸರಾಯಿತು. ಆದರೆ ಅವು ಹುಟ್ಟಿದ ದೇಶಗಳ ಹವೆಯೇ ಬೇರೆ, ನಮ್ಮ ಹವೆಯೇ ಬೇರೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವದು. ಅದರ ಬಹುಭಾಗವು ಜೂನಿನಿಂದ ಸಪ್ಟೆಂಬರದೊಳಗೆ ಸುರಿದುಬಿಡುವದು. ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಚಪ್ಪಲಿಗೂ ಗೋಡೆಯ ಚಿತ್ರಪಟಕ್ಕೂ ಬೂಷ್ಟು ಹಿಡಿಯುವದನ್ನು ಎಲ್ಲರೂ ಬಲ್ಲರು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಮೊದಲಾದ ತಾಳೆಗರಿಯ ಗ್ರಂಥಗಳು ಇಂಥ ಹವೆಯಲ್ಲಿಯೂ ಶತಮಾನಗಳ ವರೆಗೆ ಉಳಿದು ಬಂದಿರುವದು ಕಾಪಾಡಿದವರ ಎಚ್ಚರಿಕೆಯಿಂದಲೇ ಹೊರತು ತಾನಾಗಿ ಅಲ್ಲ. ಈ ಸೀಮೆಯಲ್ಲಿ ಯಾವ ವಸ್ತುವನ್ನು ಇಟ್ಟುಕೊಳ್ಳಬೇಕಾದರೂ ತೇವವೇ ನಮ್ಮ ಮೊದಲನೆಯ ಶತ್ರು. ಬಟ್ಟೆಯ ಗೊಂಬೆಗೂ ಅದೇ ಮಾತು ಸಲ್ಲುವದು.

ಈಗ ನನ್ನ ಮೊದಲನೆಯ ತಪ್ಪನ್ನು ಹೇಳುವೆನು. ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ನನ್ನ ತಮ್ಮನು ಗಲ್ಫಿನಿಂದ ಕಂದು ಬಣ್ಣದ ಕರಡಿಯೊಂದನ್ನು ತಂದುಕೊಟ್ಟನು. ಅವಳು ಅದನ್ನು ಬಿಟ್ಟು ಉಣ್ಣಲೂ ಒಲ್ಲಳು, ಮಲಗಲೂ ಒಲ್ಲಳು. ಜುಲೈ ತಿಂಗಳಲ್ಲಿ ಒಂದು ದಿನ ಗಂಜಿ ಚೆಲ್ಲಿ ಅದು ಹೊಲಸಾಯಿತು. ನಾನು ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಒಗೆದು, ಹಿಂಡಿ, ಕಿವಿಗಳಿಗೆ ಕ್ಲಿಪ್ಪು ಸಿಕ್ಕಿಸಿ ಚಾವಡಿಯ ಹಗ್ಗಕ್ಕೆ ನೇತುಹಾಕಿದೆನು. ಮಗಳು ಕೆಳಗೆ ನಿಂತು ಎರಡು ದಿನ ಅತ್ತಳು. ಮೂರನೆಯ ದಿನ ಮುಟ್ಟಿ ನೋಡಿದರೆ ರೋಮವು ಒಣಗಿತ್ತು. ಮಗುವಿನ ಅಳುವನ್ನು ನಿಲ್ಲಿಸುವ ಅವಸರದಲ್ಲಿ ಕೊಟ್ಟುಬಿಟ್ಟೆನು. ಒಂದು ವಾರ ಕಳೆಯುವಷ್ಟರಲ್ಲಿ ಅವಳಿಗೆ ರಾತ್ರಿ ಕೆಮ್ಮು ಹತ್ತಿತು. ಹಗಲು ಏನೂ ಇಲ್ಲ; ಮಲಗಿದೊಡನೆ ಕೆಮ್ಮು, ಬೆಳಗಿನ ಜಾವ ಉಬ್ಬಸ. ಕಷಾಯ ಕುಡಿಸಿದೆವು, ಔಷಧ ಕೊಡಿಸಿದೆವು, ತಣ್ಣೀರಿನ ಮೇಲೆ ದೂರು ಹೊರಿಸಿದೆವು. ಕೊನೆಗೆ ವೈದ್ಯರು, “ಹಾಸಿಗೆಯಲ್ಲಿ ಮಗುವಿನ ಮುಖದ ಹತ್ತಿರ ಏನೇನು ಇರುತ್ತದೆ?” ಎಂದು ಕೇಳಿದರು. ಮನೆಗೆ ಬಂದು ಕರಡಿಯ ಬೆನ್ನಿನ ಹೊಲಿಗೆಯನ್ನು ಕತ್ತರಿಸಿ ನೋಡಿದೆನು. ಒಳಗಿನ ಹತ್ತಿ ತಣ್ಣಗೆ ಒದ್ದೆಯಾಗಿಯೇ ಇತ್ತು. ನಡುವೆ ಕರಿಯ ಚುಕ್ಕೆಗಳೆದ್ದಿದ್ದವು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಶುಚಿಯಾಗಲೆಂದು ನಾನು ಮಾಡಿದ ಕೆಲಸವೇ ಮಗುವಿನ ಮೂಗಿನ ಬಳಿ ಬೂಷ್ಟಿನ ಗಂಟನ್ನು ತಂದಿಟ್ಟಿತ್ತು. ತರಗತಿಯಲ್ಲಿ ಆರೋಗ್ಯಶಾಸ್ತ್ರದ ಪಾಠ ಹೇಳುತ್ತಿದ್ದವಳೂ ನಾನೇ! ಅದನ್ನು ತೆಗೆದುಹಾಕಿ ಹಾಸಿಗೆ ಬದಲಿಸಿದ ಮೇಲೆ ಕೆಮ್ಮು ಕ್ರಮವಾಗಿ ಇಳಿಯಿತು. ಕೆಮ್ಮಿಗೆ ಬೂಷ್ಟು ಒಂದೇ ಕಾರಣವಾಗಿತ್ತೆಂದು ನಾನು ಹೇಳಲಾರೆನು. ಆದರೂ ಉಬ್ಬಸದ ಪ್ರಕೃತಿಯ ಮಕ್ಕಳಿಗೆ ತೇವವೂ ಬೂಷ್ಟೂ ಕೇಡೆಂಬದು ವೈದ್ಯರೆಲ್ಲರೂ ಒಪ್ಪಿದ ಮಾತು.

ಈ ಸಂಗತಿಯನ್ನು ಬೆಳ್ತಂಗಡಿಯ ಕಡೆಯ ತೋಟದವರಾದ ಹಿರಿಯ ಬಂಧುವೊಬ್ಬರಿಗೆ ಹೇಳಿದಾಗ ಅವರು ನಕ್ಕು, “ಅಡಕೆ ಒಣಗಿಸುವ ಮನೆಯಲ್ಲಿ ಹುಟ್ಟಿದವಳಿಗೆ ಇದು ಗೊತ್ತಾಗಲಿಲ್ಲವಾ?” ಎಂದರು. ನಿಜವೇ. ಸಿಪ್ಪೆ ಸಹಿತವಾದ ಹಣ್ಣಡಕೆಯನ್ನು ಅಂಗಳದಲ್ಲಿ ಹರವಿ 40-45 ದಿನ ಬಿಸಿಲು ಕಾಣಿಸುವರು. ಸಿಪ್ಪೆಯು ಹತ್ತೇ ದಿನಗಳಲ್ಲಿ ಒಣಗಿದಂತೆ ತೋರಿದರೂ ಅನುಭವಸ್ಥರು ಮೋಸಹೋಗುವದಿಲ್ಲ. ಒಳಗಿನ ಬೀಜದಲ್ಲಿ ಹಸಿ ಉಳಿದರೆ ಗೋಣಿಯಲ್ಲಿ ಬೂಷ್ಟು ಹಿಡಿದು ಬೆಲೆ ಬಿದ್ದುಹೋಗುವದೆಂದು ಅವರಿಗೆ ಗೊತ್ತು. ಗೊಂಬೆಯೂ ಹಾಗೆಯೇ, ಹೊರಗಿನ ರೋಮವು ಒಣಗಿದ ಮಾತ್ರಕ್ಕೆ ಗೊಂಬೆ ಒಣಗಿತೆಂದು ತಿಳಿಯಕೂಡದು. ನಾನು ಕಲಿತ ಮುಖ್ಯವಾದ ನಿಯಮವಿದು: ಒಳಗಿನ ವರೆಗೆ ಒಣಗಿಸಲು ಸಾಧ್ಯವಿಲ್ಲದ ದಿನಗಳಲ್ಲಿ ಗೊಂಬೆಯನ್ನು ನೀರಿನಲ್ಲಿ ಮುಳುಗಿಸಬಾರದು. ಉಳಿದ ಸೂಚನೆಗಳೆಲ್ಲ ಇದರ ಹಿಂದೆ ಬರುವವು.

ನೀರು ಮುಟ್ಟಿಸುವದಕ್ಕೆ ಮುಂಚೆ ಗೊಂಬೆಯನ್ನು ಪರೀಕ್ಷಿಸಬೇಕು. ಬದಿಯಲ್ಲಿ ಹೊಲಿದಿರುವ ಚೀಟಿಯನ್ನು ಓದಿರಿ. ನೀರಿನಲ್ಲಿ ತೊಳೆಯಬಹುದೋ, ನೀರು ಎಷ್ಟು ಬಿಸಿ ಇರಬಹುದೋ ಅದರಲ್ಲಿ ಬರೆದಿರುವದು. ಆಮೇಲೆ ಬೆರಳಿನಿಂದ ಒತ್ತಿ ನೋಡಿರಿ. ಒತ್ತಿದ ಕೂಡಲೇ ಮೇಲೇಳುವದು ಪಾಲಿಯೆಸ್ಟರ್. ಅದರ ಎಳೆಗಳು ನೀರನ್ನು ಹೆಚ್ಚು ಹೀರುವದಿಲ್ಲವಾದುದರಿಂದ ತೊಳೆಯಲು ಸುಲಭ. ಸಾಧಾರಣ ಹತ್ತಿಯು ನೀರು ಕುಡಿದು ಗಂಟುಕಟ್ಟುವದು. ಬೂರುಗದ ಹತ್ತಿಯ ಜಾತಿಯದು ಮೊದಲು ನೀರಿಗೆ ಜಗ್ಗದು. ಇದರಿಂದಲೇ ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗಳಲ್ಲಿ ಅದನ್ನು ತುಂಬುತ್ತಿದ್ದರು. ಆದರೆ ಸಾಬೂನಿನಿಂದ ಒಮ್ಮೆ ತೊಯ್ದು ಮುದ್ದೆಯಾದರೆ ತಿರುಗಿ ಅರಳುವದು ಕಷ್ಟ. ಮರದ ಹೊಟ್ಟು ತುಂಬಿದ ಹಳೆಯ ಗೊಂಬೆಗಳನ್ನಂತೂ ನೀರಿನಲ್ಲಿ ಅದ್ದಲೇಬಾರದು.

ಕಣ್ಣು, ಮೂಗು, ಗುಂಡಿಗಳನ್ನು ಎಳೆದು ನೋಡಿರಿ. ಸಡಿಲವಾದ ಗುಂಡಿಯು ಮಗುವಿನ ಗಂಟಲಲ್ಲಿ ಸಿಕ್ಕಿದರೆ ಪ್ರಾಣಕ್ಕೆ ಅಪಾಯ. ಮೂರು ವರ್ಷದೊಳಗಿನ ಮಗುವಿನ ಗೊಂಬೆಯಾದರೆ ಗುಂಡಿಗಳನ್ನು ಕಿತ್ತು ಕಪ್ಪು ನೂಲಿನಿಂದ ಕಣ್ಣುಗಳನ್ನು ಕಸೂತಿ ಹಾಕುವದೇ ಲೇಸು. ನೀವು ನಮ್ಮ ಹೊಲಿಗೆಯ ತರಗತಿಯಲ್ಲಿ ಕಲಿತ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಹಾಡುವ ಗೊಂಬೆಯಾದರೆ ಯಂತ್ರವನ್ನೂ ಬ್ಯಾಟರಿಯನ್ನೂ ಹೊರಗೆ ತೆಗೆಯಬೇಕು. ಗುಂಡಿಯಾಕಾರದ ಚಿಕ್ಕ ಬ್ಯಾಟರಿಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಇರಲಿ. ಅದನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನೊಳಗೆ ಒಳಗಿನ ಮಾಂಸವನ್ನು ಸುಡಬಲ್ಲದು. ವಾಂತಿ ಮಾಡಿಸುವ ಪ್ರಯತ್ನದಲ್ಲಿ ಕಾಲ ಕಳೆಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಹೊಸ ಗೊಂಬೆ ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡಿರಿ. 2021ನೆಯ ಇಸವಿ ಜನವರಿ 1ರಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗಳಿಗೆ ಆ ಗುರುತು ಕಡ್ಡಾಯವಾಗಿರುವದು.

ಮಳೆಗಾಲದಲ್ಲಿ ಮಾಡತಕ್ಕದ್ದು ಮೇಲ್ಮೈಯ ಶುಚಿ ಮಾತ್ರ. ಗೊಂಬೆಯನ್ನು ಒಂದು ಚೀಲದಲ್ಲಿ ಹಾಕಿ, ಎರಡು ಚಮಚ ಅಡಿಗೆ ಸೋಡಾ ಉದುರಿಸಿ, ಬಾಯಿ ಕಟ್ಟಿ ಚೆನ್ನಾಗಿ ಅಲುಗಿಸಿರಿ. ಒಂದು ತಾಸು ಬಿಟ್ಟು ಹೊರಗೆ ಒಯ್ದು ಮೆತ್ತನೆಯ ಬ್ರಶ್ಶಿನಿಂದ ಪುಡಿಯನ್ನೆಲ್ಲ ಉದುರಿಸಿರಿ. ವಾಸನೆಯೂ ಜಿಡ್ಡೂ ಸ್ವಲ್ಪಮಟ್ಟಿಗೆ ಹೋಗುವವು. ಕಲೆ ಇದ್ದರೆ ಬೋಗುಣಿಯ ನೀರಿನಲ್ಲಿ ಸಾಬೂನು ಕದಡಿ ನೊರೆ ಎಬ್ಬಿಸಿ, ನೀರನ್ನು ಬಿಟ್ಟು ನೊರೆಯನ್ನು ಮಾತ್ರ ಬಟ್ಟೆಯಲ್ಲಿ ತೆಗೆದುಕೊಂಡು ತಿಕ್ಕಿರಿ. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರಸಿ ಫ್ಯಾನಿನ ಗಾಳಿಗೆ ಇಡಿರಿ. ಹೀಗೆ ಮಾಡಿದರೆ ರೋಮ ಒದ್ದೆಯಾದೀತೇ ಹೊರತು ಹೊಟ್ಟೆ ಒದ್ದೆಯಾಗದು.

ಕಣ್ಣಿಗೆ ಕಾಣದ ಧೂಳಿನ ನುಸಿಯೂ ಗೊಂಬೆಗಳಲ್ಲಿ ವಾಸಿಸುವದು. ಅದರ ಮಲವೇ ಅನೇಕ ಮಕ್ಕಳ ಸೀನಿಗೂ ಉಬ್ಬಸಕ್ಕೂ ಕಾರಣ. 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಅದು ಸಾಯುವದು. ಆದರೆ ಅಷ್ಟು ಬಿಸಿಯನ್ನು ತಾಳುವ ಗೊಂಬೆಗಳು ಕೆಲವು ಮಾತ್ರ. ತಾಳದಂಥದ್ದನ್ನು ಚೀಲದಲ್ಲಿ ಕಟ್ಟಿ ರೆಫ್ರಿಜರೇಟರಿನ ಮಂಜುಗಟ್ಟುವ ಭಾಗದಲ್ಲಿ ಎರಡು ದಿನ ಇಡಬಹುದು. ನಡುವೆ ಕರೆಂಟು ಹೋದರೆ ಲೆಕ್ಕವನ್ನು ಮೊದಲಿನಿಂದ ಎಣಿಸಬೇಕು. ಚಳಿಗೆ ನುಸಿ ಸತ್ತರೂ ಅದರ ಮಲವು ಗೊಂಬೆಯಲ್ಲಿಯೇ ಉಳಿಯುವದರಿಂದ, ಬಿಸಿಲು ಬಂದಾಗ ತೊಳೆಯುವ ಕೆಲಸವು ತಪ್ಪುವದಿಲ್ಲ. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯನ್ನು ಮಾತ್ರ ಮಕ್ಕಳ ಗೊಂಬೆಗಳ ಹತ್ತಿರ ಸೇರಿಸಬೇಡಿರಿ. ಮಗು ಅದನ್ನು ಪೆಪ್ಪರಮಿಂಟೆಂದು ಬಾಯಿಗೆ ಹಾಕೀತು; ಕೆಲವು ಶಿಶುಗಳಿಗೆ ಅದರ ಆವಿಯಿಂದಲೇ ರಕ್ತಕಣಗಳು ಒಡೆಯುವವು.

ಪೂರ್ತಿ ತೊಳೆಯುವದಕ್ಕೆ ದಶಂಬರದಿಂದ ಮೇ ನಡುವಿನ ವರೆಗೆ ತಕ್ಕ ಕಾಲ. ಹಪ್ಪಳವನ್ನೂ ಸಾಂತಾಣಿಯನ್ನೂ ಒಣಗಿಸುವ ಬಿಸಿಲು ಗೊಂಬೆಗೂ ಸಾಕು. ಮುಂಜಾನೆಯೇ ಆರಂಭಿಸಬೇಕು. ಮೊದಲು ಬಿಳಿ ಬಟ್ಟೆಯನ್ನು ಒದ್ದೆಮಾಡಿ ಗೊಂಬೆಯ ಮರೆಯಾದ ಭಾಗವನ್ನು ಉಜ್ಜಿ, ಬಣ್ಣ ಬಿಡುವದೋ ನೋಡಿರಿ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು. ನೆನೆಯುವದು ಕಾಲು ತಾಸಿಗಿಂತ ಹೆಚ್ಚು ಬೇಡ. ಉಣ್ಣೆಯ ಗೊಂಬೆಯಾದರೆ ತಣ್ಣೀರೂ ಅಂಟುವಾಳದ ನೊರೆಯೂ ಹಿತವಾದವು. ಒಗೆಯುವ ಕಲ್ಲಿಗೆ ಬಡಿಯಕೂಡದು, ತಿರುಚಿ ಹಿಂಡಕೂಡದು. ಎರಡು ಅಂಗೈಗಳ ನಡುವೆ ಒತ್ತಿ ಒತ್ತಿ ಕೊಳೆಯನ್ನು ಹೊರಡಿಸಬೇಕು. ನೀರು ತಿಳಿಯಾಗುವ ವರೆಗೆ ಜಾಲಿಸಿರಿ, ಯಾಕಂದರೆ ಉಳಿದ ಸಾಬೂನು ಮಗುವಿನ ಚರ್ಮದಲ್ಲಿ ತುರಿಕೆ ಎಬ್ಬಿಸಬಹುದು. ವಾಷಿಂಗ್ ಮೆಷಿನಿನಲ್ಲಿ ಹಾಕುವದಾದರೆ ತಲೆದಿಂಬಿನ ಚೀಲದೊಳಗಿಟ್ಟು ಬಾಯಿಕಟ್ಟಿ, ಮೆಲ್ಲನೆ ತಿರುಗುವಂತೆ ಇಡಿರಿ. ಕೈಯಿಂದ ತೊಳೆದದ್ದನ್ನೂ ಕೊನೆಗೆ ಮೆಷಿನಿನಲ್ಲಿ ಗಿರಗಿರನೆ ತಿರುಗಿಸಿ ನೀರು ಹೊರಡಿಸಿದರೆ ಒಣಗುವ ಕೆಲಸವು ಅರ್ಧವಾದಂತೆಯೇ. ಮೆಷಿನ್ ಇಲ್ಲದವರು ದಪ್ಪ ಬೈರಾಸಿನಲ್ಲಿ ಸುರುಳಿಸುತ್ತಿ, ಮೇಲಿನಿಂದ ಅಂಗೈಯೂರಿ ಒತ್ತಿ, ಒಣಗಿದ ಇನ್ನೊಂದು ಬೈರಾಸಿನಿಂದ ಅದನ್ನೇ ಮತ್ತೆ ಮಾಡಬೇಕು.

ಇನ್ನು ಒಣಗಿಸುವದು. ಕಿವಿಗೋ ಕಾಲಿಗೋ ಕ್ಲಿಪ್ಪು ಸಿಕ್ಕಿಸಿ ತೂಗುಹಾಕಿದರೆ ಹೊಲಿಗೆ ಜಗ್ಗುವದಲ್ಲದೆ ನೀರೆಲ್ಲ ಒಂದು ಕಡೆಗೆ ಇಳಿದು ನಿಲ್ಲುವದು. ಬಿದಿರಿನ ಬುಟ್ಟಿಯನ್ನು ಬೋರಲಿಟ್ಟು ಅದರ ಮೇಲೆ ಗೊಂಬೆಯನ್ನು ಮಲಗಿಸಿರಿ. ಕೆಳಗಿನಿಂದಲೂ ಗಾಳಿ ಆಡುವದು. ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಿ, ಬೆರಳುಗಳಿಂದ ಒಳಗಿನ ಹತ್ತಿಯನ್ನು ಬಿಡಿಸಿ ಕೊಡಬೇಕು. ಸಂಜೆ ಮಂಜು ಬೀಳುವ ಮೊದಲು ಒಳಗೆ ತಂದು ರಾತ್ರಿ ಫ್ಯಾನಿನ ಕೆಳಗಿಟ್ಟು, ಮರುದಿನ ಪುನಃ ಬಿಸಿಲಿಗಿಡಿರಿ. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಬಿದಿರು ಕಟ್ಟಿ ಬಟ್ಟೆ ಒಣಗಿಸುವ ಪದ್ಧತಿ ಇರುವದಷ್ಟೆ. ಕೃತಕ ರೋಮದ ಗೊಂಬೆಯನ್ನು ಆ ಸ್ಥಳದಲ್ಲಿ ಎಂದಿಗೂ ಇಡಬಾರದು. ಒಂದು ಕಿಡಿ ಹಾರಿದರೆ ಅದು ಧಗ್ಗನೆ ಹತ್ತಿ, ಕರಗಿ, ಉರಿಯುತ್ತಾ ತೊಟ್ಟಿಕ್ಕುವದು. ಇಸ್ತ್ರಿ ಪೆಟ್ಟಿಗೆಯೂ ಗ್ಯಾಸಿನ ಒಲೆಯೂ ಅದಕ್ಕೆ ದೂರವೇ ಇರಲಿ.

ಒಳಗೆ ಒಣಗಿತೋ ಇಲ್ಲವೋ ಎಂದು ತಿಳಿಯುವ ಉಪಾಯವನ್ನು ನಾನು ತರಗತಿಯ ತಕ್ಕಡಿಯಿಂದ ಕಲಿತೆನು. ತೊಳೆಯುವ ಮೊದಲು ಗೊಂಬೆಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. 200 ಗ್ರಾಮ್ ಇದ್ದ ಗೊಂಬೆಯು ಎರಡನೆಯ ದಿನ ಮುಟ್ಟಲು ಒಣಗಿದಂತಿದ್ದರೂ 230 ಗ್ರಾಮ್ ತೂಗಿದರೆ, ಅದರ ಹೊಟ್ಟೆಯಲ್ಲಿ ಇನ್ನೂ 30 ಗ್ರಾಮ್ ನೀರು ಅಡಗಿದೆಯೆಂದು ಅರ್ಥ. ತೂಕವು ಮೊದಲಿನಷ್ಟಾಗಿ, ಮರುದಿನವೂ ಅಷ್ಟೇ ಇದ್ದರೆ ಮಗುವಿಗೆ ಕೊಡಬಹುದು. ಕೈ ಮೋಸಹೋದರೂ ತಕ್ಕಡಿ ಮೋಸಹೋಗದು. ಮಕ್ಕಳೇ ತೂಗಿ ಬರೆಯಲಿ. ಗಣಿತದ ಪಾಠವೂ ಆಗುವದು, ಗೊಂಬೆಗಾಗಿ ಕಾಯುವ ತಾಳ್ಮೆಯೂ ಬರುವದು.

ನನ್ನ ಎರಡನೆಯ ತಪ್ಪನ್ನು ಹೇಳದೆ ಮುಗಿಸಲಾರೆನು. ನೇತ್ರಾವತಿಯ ನೆರೆ ನಮ್ಮ ಊರಿಗೆ ಹೊಸದಲ್ಲ. 1923ರ ಮತ್ತು 1974ರ ನೆರೆಗಳ ಕಥೆಯನ್ನು ಬಂಟ್ವಾಳದ ಮನೆಮನೆಗಳಲ್ಲಿ ಹೇಳುವರು. 2019ನೆಯ ಅಗೋಸ್ತಿನಲ್ಲಿ ಘಟ್ಟದ ಬುಡದಲ್ಲಿ ವಿಪರೀತ ಮಳೆಯಾಗಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಮುಂತಾದ ಕಡೆಗಳಲ್ಲಿ ಹೊಳೆಗಳು ಮರಗಳನ್ನೂ ಮರಳನ್ನೂ ಹೊತ್ತುಕೊಂಡು ತೋಟಗಳಿಗೂ ಮನೆಗಳಿಗೂ ನುಗ್ಗಿದವು. ಆ ಕಡೆಯಿಂದ ಬಂದು ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು, ಮನೆಯವರನ್ನು ನೋಡಿಕೊಂಡು ತಿರುಗಿ ಬಂದ ದಿನ, ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ನನ್ನ ಮೇಜಿನ ಬಳಿ ನಿಂತಳು. ಒಳಗೆ ಕೆಸರಿನಿಂದ ತೊಯ್ದು ಆಕಾರ ಕೆಟ್ಟಿದ್ದ ಒಂದು ಆನೆ. ಅವಳ ಅಜ್ಜಿ ಹಳೆಯ ಲಂಗದ ಬಟ್ಟೆಯಿಂದ ಹೊಲಿದು ಬೂರುಗದ ಹತ್ತಿ ತುಂಬಿಸಿದ್ದಂತೆ. “ಇದನ್ನು ತೊಳೆಯಲಿಕ್ಕೆ ಆಗ್ತದಾ ಟೀಚರ್?” ಎಂದು ಕೇಳಿದಳು.

ನನಗೆ ಮಗಳ ಕರಡಿಯು ನೆನಪಾಯಿತು. ನೆರೆಯ ನೀರಿನಲ್ಲಿ ಕಕ್ಕಸುಗುಂಡಿಯ ಹೊಲಸೂ ಸತ್ತ ಜೀವಿಗಳ ವಿಷವೂ ಸೇರಿರುವವು. ಅದನ್ನು ಕುಡಿದ ಹತ್ತಿಯನ್ನು ಎಷ್ಟು ಒಗೆದರೂ ನಂಬುವ ಹಾಗಿಲ್ಲ. ಆದುದರಿಂದ, “ಅದನ್ನು ಬಿಸಾಡಿಬಿಡು ಮಗಾ, ಅದರಿಂದ ರೋಗ ಬಂದೀತು. ಬೇರೆ ಹೊಸದು ತೆಗೆದುಕೊಡುವ” ಎಂದೆನು. ನನ್ನ ಮಾತು ಆರೋಗ್ಯಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ಅವಳು ಎದುರಾಡಲಿಲ್ಲ. ಚೀಲದ ಬಾಯಿ ಕಟ್ಟುತ್ತಾ, “ತಮ್ಮ ಕೇಳ್ತಾನೆ ಟೀಚರ್. ಮನೆಯಿಂದ ಸಿಕ್ಕಿದ್ದು ಇದೊಂದೇ” ಎಂದಳು. ಅಜ್ಜಿ ಹಿಂದಿನ ವರ್ಷವೇ ತೀರಿಹೋಗಿದ್ದರೆಂದು ನನಗೆ ತಿಳಿದದ್ದು ಆಮೇಲೆ.

ಅವಳು ಬಾಗಿಲ ವರೆಗೆ ಹೋಗಿದ್ದಳು. ನಾನು ತಿರುಗಿ ಕರೆದೆನು. ಬಿಸಾಡಬೇಕಾದದ್ದು ಹತ್ತಿಯೇ ಹೊರತು ಆನೆಯಲ್ಲವೆಂಬದು ಆಗ ಹೊಳೆಯಿತು. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ? ಆ ಸಂಜೆ ಹೊಲಿಗೆಯ ಉಪಾಧ್ಯಾಯಿನಿಯವರೂ ನಾನೂ ರಬ್ಬರಿನ ಕೈಚೀಲ ತೊಟ್ಟುಕೊಂಡು ಹೊಟ್ಟೆಯ ಹೊಲಿಗೆಯನ್ನು ಬಿಚ್ಚಿದೆವು. ಹತ್ತಿಯನ್ನೆಲ್ಲ ತೆಗೆದು ಗುಂಡಿ ತೋಡಿ ಹುಗಿದೆವು. ಬಟ್ಟೆಯನ್ನು ಒಳಮಗ್ಗುಲು ಹೊರಗೆ ತಿರುಗಿಸಿ, ಕೆಸರು ಹೋಗುವ ವರೆಗೆ ಜಾಲಿಸಿ, ಸಾಬೂನಿನ ನೀರಿನಲ್ಲಿ ಕಾಲು ತಾಸು ಕುದಿಸಿದೆವು. ನೂಲಿನ ಬಟ್ಟೆಯಾದುದರಿಂದ ಕುದಿಯನ್ನು ತಾಳಿತು. ಹೂವಿನ ಬಣ್ಣವು ಮಾತ್ರ ಮಾಸಿತು. ಬ್ಲೀಚಿಂಗ್ ಪುಡಿ ಹಾಕುವವರು ಅದರೊಂದಿಗೆ ವಿನಿಗರನ್ನಾಗಲಿ ಕಕ್ಕಸು ತೊಳೆಯುವ ಆಸಿಡನ್ನಾಗಲಿ ಬೆರಸಬಾರದೆಂದು ಇಲ್ಲಿಯೇ ಎಚ್ಚರಿಸುವೆನು, ವಿಷವಾಯು ಏಳುವದು. ಬರಿಯ ಬಟ್ಟೆಯನ್ನು ಒಣಗಿಸಲು ಆಟಿಯ ಮಳೆಯೂ ಅಡ್ಡಿಯಾಗಲಿಲ್ಲ. ಒಂದು ರಾತ್ರಿ ಫ್ಯಾನಿನ ಗಾಳಿ, ಬೆಳಗ್ಗೆ ಬಿಸಿ ಇಸ್ತ್ರಿ. ಅಷ್ಟರಲ್ಲಿ ಪೂರ್ತಿ ಒಣಗಿತು. ಹಾಸಿಗೆಯ ಅಂಗಡಿಯಿಂದ ಹೊಸ ಬೂರುಗದ ಹತ್ತಿಯನ್ನು ತರಿಸಿ ಆ ಬಾಲಿಕೆಯೇ ತುಂಬಿದಳು. ಬಾಯಿ ಮುಚ್ಚುವ ಹೊಲಿಗೆಯನ್ನು ಉಪಾಧ್ಯಾಯಿನಿಯವರು ತೋರಿಸಿದರು: ಎರಡು ಅಂಚುಗಳನ್ನೂ ಒಳಕ್ಕೆ ಮಡಚಿ, ಒಂದರ ಮಡಿಕೆಯಿಂದ ಮತ್ತೊಂದರ ಮಡಿಕೆಗೆ ಏಣಿಯ ಮೆಟ್ಟಲುಗಳಂತೆ ಸೂಜಿ ದಾಟಿಸಿ ಎಳೆದರೆ ನೂಲು ಕಾಣದೆ ಹೋಗುವದು. ಅಜ್ಜಿಯ ಹಳೆಯ ಹೊಲಿಗೆಗಳಲ್ಲಿ ಉಳಿದವುಗಳನ್ನು ಅವಳು ಮುಟ್ಟಗೊಡಲಿಲ್ಲ.

ಕಥೆಯು ಅಲ್ಲಿಗೆ ಸುಖವಾಗಿ ಮುಗಿಯಿತೆಂದು ಹೇಳಿದರೆ ಸುಳ್ಳಾಗುವದು. ಶನಿವಾರ ಆನೆಯನ್ನು ಕೊಟ್ಟಾಗ ಐದು ವರ್ಷದ ಆ ತಮ್ಮನು ಮೂಸಿ ನೋಡಿ, “ಇದು ನಮ್ಮದಲ್ಲ” ಎಂದು ಆಚೆಗೆ ತಳ್ಳಿದನಂತೆ. ಸಾಬೂನಿನ ವಾಸನೆ ಅವನಿಗೆ ಪರಕೀಯವಾಗಿತ್ತು. ಚಿಕ್ಕ ಮಕ್ಕಳು ತಮ್ಮ ಗೊಂಬೆಯನ್ನು ಕಣ್ಣಿನಿಂದ ಮಾತ್ರವಲ್ಲದೆ ಮೂಗಿನಿಂದಲೂ ಗುರುತಿಸುವರು. ಇದನ್ನು ತಾಯಂದಿರು ಮರೆಯಬಾರದು. ಮಗುವಿಗೆ ಹೇಳದೆ ಕದ್ದು ತೊಳೆಯಬೇಡಿರಿ. ಮೊದಲೇ ತಿಳಿಸಿ, ನೊರೆ ಎಬ್ಬಿಸುವದಕ್ಕೂ ಒರಸುವದಕ್ಕೂ ಅದರ ಕೈಯನ್ನೂ ಕೂಡಿಸಿಕೊಳ್ಳಿರಿ. ಸುವಾಸನೆಯ ದ್ರವ್ಯಗಳನ್ನು ಹಾಕಬೇಡಿರಿ. ಮಗು ಒಲ್ಲೆನೆಂದರೆ ಬಲಾತ್ಕರಿಸದೆ, ದಿನನಿತ್ಯದ ಹೊದಿಕೆಯಲ್ಲಿ ಸುತ್ತಿ ಒಂದೆರಡು ದಿನ ಹಾಸಿಗೆಯಲ್ಲಿಡಿರಿ. ಆ ಬಾಲಿಕೆಯ ತಾಯಿ ಹಾಗೆಯೇ ಮಾಡಿದಳು. ನಾಲ್ಕನೆಯ ರಾತ್ರಿ ಹುಡುಗನು ಆನೆಯ ಸೊಂಡಿಲನ್ನು ಹಿಡಿದುಕೊಂಡು ನಿದ್ರೆಹೋದನೆಂದು ಅವಳು ಮುಂದಿನ ಸೋಮವಾರ ನನಗೆ ಹೇಳಿದಳು.

ಈಗ ಆ ಬಾಲಿಕೆಯೂ ಹಳೆ ವಿದ್ಯಾರ್ಥಿನಿಯರ ಸಾಲಿಗೆ ಸೇರಿರುವಳು. ಈ ಲೇಖನವನ್ನು ಓದಿದರೆ ಅವಳಿಗೆ ಗುರುತು ಸಿಕ್ಕೀತು. ಅವಳ ಮೊದಲನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕಾಗಿ ಕ್ಷಮಿಸಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಬಂದು ಕೇಳಿದ ಆ ಮೂವರು ತಾಯಂದಿರಿಗೆ ನನ್ನ ತಿದ್ದಿದ ಉತ್ತರವು ಇದು. ಬಿಸಿಲಿದ್ದಾಗ ತೊಳೆಯಿರಿ, ಮಳೆಯಲ್ಲಿ ಒರಸಿರಿ, ಒಣಗಿತೆಂದು ತಕ್ಕಡಿ ಹೇಳುವ ವರೆಗೆ ಕೊಡಬೇಡಿರಿ, ಒಳಗೆ ಕೆಟ್ಟಿದ್ದರೆ ಹೊಲಿಗೆ ಬಿಚ್ಚಿ ಹತ್ತಿಯನ್ನು ಬದಲಿಸಿರಿ. ಮುಂದಿನ ಸಮ್ಮೇಳನಕ್ಕೆ ಬರುವಾಗ ನಿಮ್ಮ ಮಕ್ಕಳನ್ನೂ, ಅವರ ಸಂಗಡ ಬಾರದೆ ಬಿಡದ ಗೊಂಬೆಗಳನ್ನೂ ಕರೆದುಕೊಂಡು ಬನ್ನಿರಿ. ಹೊಲಿಗೆಯ ಕೋಣೆಯಲ್ಲಿ ಸೂಜಿ, ನೂಲು, ತಕ್ಕಡಿ ಇವುಗಳನ್ನು ಸಿದ್ಧವಾಗಿಟ್ಟಿರುವೆನು.